ವ್ಯಾಲ್ಯುಯೇಷನ್

ಎಲ್ಲಿಗೆ ಐರಿನ್ ಮೇಡಂ, ಅಂತ ಕಂಡಕ್ಟರ್ ಮೈಲಾರಪ್ಪ ಕೇಳಿದರೆ
ವ್ಯಾಲ್ಯುಯೇಷನ್‌ಗೆ ಅನ್ನುತ್ತೇನೆ.
ಸುಳ್ಳಲ್ಲ.
ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ:
ಹಗಲು ಶಿವಮೊಗ್ಗದ ಕಾಲೇಜು ಹಾಲಿನಲ್ಲಿ
ಬಂಡಲು ಬಿಚ್ಚಿ, ಕೆಂಪು ಪೆನ್ನಿನಲ್ಲಿ;
ರಾತ್ರಿ ತೀರ್ಥಹಳ್ಳಿಯಲ್ಲಿ ಸೀಸದ ಕಡ್ಡಿಯಲ್ಲಿ,
ಪಿಎಚ್.ಡಿ. ಎಂಬ
ಒಂಬತ್ತು ದಿನಕ್ಕೆ ಮುಗಿಯದ ನೊವೇನಾಕ್ಕೆ.

ರಾತ್ರಿಯದರಲ್ಲಿ ಕೇಳುವುದು ಒಂದೇ:
ಈ ಸಂಖ್ಯೆಯನ್ನು ಮೂರು ಎಷ್ಟು ಸಲ ಭಾಗಿಸುತ್ತದೆ?
ಹೆಚ್ಚು ಸಲ ಭಾಗಿಸಿದಷ್ಟೂ ಅದು ಚಿಕ್ಕದು.
ಹಾಗಾಗಿ ಇನ್ನೂರ ನಲವತ್ತಮೂರು
ಎರಡಕ್ಕಿಂತ ಸಣ್ಣದು, ಸೊನ್ನೆಯ ಪಕ್ಕದ ಮನೆ.
"ಹಂಗಾದ್ರೆ ಎರಡು ರೂಪಾಯಿ ಬ್ಯಾಡ,
ಆ ಸಣ್ಣದನ್ನೇ ಕೊಡಿ" ಎಂದ ಮೈಲಾರಪ್ಪ.

ದೂರವೂ ಅಲ್ಲಿ ಬೇರೆ.
ಮೈಲಿಗಲ್ಲು ನಂಬಬೇಡಿ, ನೀರನ್ನು ಕೇಳಿ:
ನಿಮ್ಮ ಬಚ್ಚಲ ನೀರೂ ನನ್ನದೂ ಎಲ್ಲಿ ಕೂಡುತ್ತವೆ?
ಬೇಗ ಕೂಡಿದರೆ ನೆಂಟರು.
ಭದ್ರಾವತಿಯವರಿಗೆ ಶಿವಮೊಗ್ಗದವರು ಕೂಡ್ಲಿಯಷ್ಟು ದೂರ,
ಮೇಲಿನ ತೀರ್ಥಹಳ್ಳಿಯ ನಾನೂ ಅಷ್ಟೇ ದೂರ,
ಒಂದು ಗೇಣೂ ಹೆಚ್ಚಿಲ್ಲ.
ಇನ್ನು ಅಂಬುತೀರ್ಥದ ದಿಬ್ಬದಲ್ಲಿ
ಒಂದೇ ಬೇಲಿಯ ಆಚೆಯವಳು, ಈಚೆಯವಳು,
ಒಬ್ಬಳ ನೀರು ಹೊನ್ನಾವರಕ್ಕೆ, ಒಬ್ಬಳದು ಮೂಡಣ ಕಡಲಿಗೆ:
ಬೇಲಿಯ ಮೇಲೆ ಕರಿಬೇವು ಕೊಟ್ಟುಕೊಳ್ಳುತ್ತಲೇ
ಎಂದೂ ಸೇರದವರು.

ನಿನ್ನೆ, ಮೂರನೇ ಬಂಡಲು. ಕರೆಂಟಿಲ್ಲ.
ಪ್ರಶ್ನೆ ಏಳು ಬಿ: ಒಂದು, ಮೂರು, ಒಂಬತ್ತು, ಇಪ್ಪತ್ತೇಳು
ಹೀಗೇ ಕೂಡುತ್ತ ಹೋಗುವ ಶ್ರೇಣಿ
ಅಭಿಸಾರಿಯೋ ಅಪಸಾರಿಯೋ ಪರೀಕ್ಷಿಸಿ.
(ಗಣಿತಕ್ಕೆ ಕನ್ನಡ ಹುಡುಕಿದವರು ಯಾರೋ ರಸಿಕರು:
ಕತ್ತಲಲ್ಲಿ ನಲ್ಲನ ಬಳಿ ಹೊರಟವಳ ಹೆಸರು ಇಟ್ಟಿದ್ದಾರೆ.)
ಕೀ ಉತ್ತರ: ಅಪಸಾರಿ. ಎರಡು ಅಂಕ.
ಈ ಮಗು ಷರತ್ತು ನೋಡದೆ ಸೂತ್ರಕ್ಕೆ ಹಾಕಿ
ಬರೆದಿತ್ತು: ಮೈನಸ್ ಅರ್ಧ.
ಕೆಳಗೆ ಸ್ಕೇಲಿಟ್ಟು ಎರಡು ಗೆರೆ.

ವೃಷಭೇಂದ್ರಪ್ಪನವರು ಇಣುಕಿ ನಕ್ಕರು:
"ರಾಶಿ ಸುರಿದಷ್ಟೂ ಸುರಿದು, ಕೊನೆಗೆ ಕಣಜಕ್ಕೇ ಅರ್ಧ ಸೇರು ಸಾಲ!"
ನಾನು ನಗಲಿಲ್ಲ.
ಬಂಡಲಿನ ರಟ್ಟಿನ ಮೇಲೆ
ಒಂದೊಂದು ಮೊತ್ತಕ್ಕೂ ಅರ್ಧ ಸೇರಿಸಿ ನೋಡಿದೆ:
ಒಂದೂವರೆ, ನಾಲ್ಕೂವರೆ, ಹದಿಮೂರೂವರೆ, ನಲವತ್ತೂವರೆ.
ಪ್ರತಿಯೊಂದನ್ನೂ ಮೂರು ಒಂದು ಸಲ ಹೆಚ್ಚು ಭಾಗಿಸುತ್ತದೆ,
ರಾತ್ರಿಯ ಲೆಕ್ಕಕ್ಕೆ ಒಂದಕ್ಕಿಂತ ಒಂದು ಸಣ್ಣ,
ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು
ಸೊನ್ನೆಯ ಮನೆಗೆ ನಡೆದ ಹಾಗೆ.

ಸರಿ ಉತ್ತರ ಸರ್, ಅಂದೆ. ನನ್ನ ಕ್ಷೇತ್ರದಲ್ಲಿ ಇದೇ ಸರಿ.
"ಯಾವ ಕ್ಷೇತ್ರ ಮೇಡಂ, ವೇಲಾಂಕಣ್ಣಿಯೇ?"

ಕಣ್ಣು ಕಟ್ಟಿಕೊಂಡು ಹೊಳೆ ದಾಟಿ
ತನಗೆ ಗೊತ್ತಿಲ್ಲದ ಅಂಗಳ ಮುಟ್ಟಿದೆ ಈ ಮಗು.
ನಾನು ಕಣ್ಣು ತೆರೆದೇ ಹೋದವಳು.
ಬಿಲ್ಲೆಯೊಳಗೆ ಬಿಲ್ಲೆ, ಅದರೊಳಗೆ ಇನ್ನೊಂದು,
ಕೊನೆಗೆ ನಡುವೆ ಒಂದು ಬಿಂದು ಇದ್ದೇ ಇರುತ್ತದೆಂದು
ಅದರ ಮೇಲೆ ನಲವತ್ತು ಪುಟ ಕಟ್ಟಿದ್ದೆ.
ಶಂಕರಘಟ್ಟದಲ್ಲಿ ಗೈಡು ಕನ್ನಡಕ ಒರೆಸುತ್ತ ಕೇಳಿದರು:
"ಎಲ್ಲ ಬಾಗಿಲೂ ತೆಗೆದಿರಿ. ಒಳಗೆ ಯಾರೂ ಇಲ್ಲದಿದ್ದರೆ?"
ಅಂಥ ಕ್ಷೇತ್ರಗಳಿವೆ. ನನ್ನದು ಅದೇ ಆಗಿತ್ತು.

ಏಳು ಬಿ-ಗೆ ಸೊನ್ನೆ ಹಾಕಿದೆ.
ರಾತ್ರಿಯ ಪುಸ್ತಕದಲ್ಲಿ ಸೊನ್ನೆಗೆ ಕಟ್ಟುವ ಬೆಲೆ ಅನಂತ;
ಅಂಕಪಟ್ಟಿಯಲ್ಲಿ ಆ ಕಾಲಂ ಇಲ್ಲ.
ಕೋಡ್ ನಂಬರು ಎಪ್ಪತ್ತು ಸಾವಿರದ ನಾನೂರ ಇಪ್ಪತ್ತೇಳು,
ಅಂಕಿ ಕೂಡಿದರೆ ಇಪ್ಪತ್ತು, ಮೂರಕ್ಕೆ ಒಂದು ಸಲವೂ ಹೋಗುವುದಿಲ್ಲ.

ಸಂಜೆ ಬಸ್ಸು ಗಾಜನೂರು ದಾಟುವಾಗ
ಯಾವ ಊರಿನದೋ ಆ ಮಗು ಅಂದುಕೊಂಡೆ.
ಸೊರಬದ್ದಾದರೆ ವರದೆಯ ಸುತ್ತು ದಾರಿಯಲ್ಲಿ
ಎಂದಾದರೂ ಕೂಡೀತು ನಮ್ಮ ನೀರು.
ಹೊಸನಗರದ್ದಾದರೆ ಇಲ್ಲ.
ಟಿಕೆಟ್ಟಿನ ಹಿಂದೆ ಮೈಲಾರಪ್ಪ
ಬಾಕಿ ಮೂರು ಅಂತ ಗೀಚಿ ಕೊಟ್ಟಿದ್ದ.
ಇಳಿಯುವಾಗ ಕೇಳುವುದು ಮರೆತೆ.